ಗಾಜಿನ ಸೂರಿನ ಕೆಳಗಿನ ಬದನಿಕೆ

ಅವರ ಬೆರಳುಗಳು ಯಾವ ಕಾಲದಲ್ಲೂ ತಣ್ಣಗಿರುತ್ತಿದ್ದವು. ಏಪ್ರಿಲ್ ತಿಂಗಳ ಮಧ್ಯಾಹ್ನ, ತಿಪಟೂರಿನ ಬೀದಿಯ ಡಾಂಬರು ಚಪ್ಪಲಿಗೆ ಅಂಟುವ ಹೊತ್ತಿನಲ್ಲೂ ಅಷ್ಟೇ. ಫೋಟೋ ತೆಗೆಸಿಕೊಳ್ಳಲು ಕುರ್ಚಿಯ ಮೇಲೆ ಕೂತವರ ಗಲ್ಲವನ್ನು ಅವರು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿದರೆ ಬೆನ್ನಿನಲ್ಲಿ ಚಳಿ ಹರಿಯುತ್ತಿತ್ತು. ಉಗುರುಗಳು ಕಂದು ಬಣ್ಣಕ್ಕೆ ತಿರುಗಿ ಅಂಚಿನಲ್ಲಿ ಕಪ್ಪಾಗಿದ್ದವು. ಫೋಟೋ ತೊಳೆಯುವ ಔಷಧಿಯಲ್ಲಿ ವರ್ಷಗಟ್ಟಲೆ ಅದ್ದಿದ ಕೈ ಹಾಗಾಗುತ್ತದೆ ಎಂದು ನನಗೆ ಆಮೇಲೆ ತಿಳಿಯಿತು. ಊರಿನವರು ಬೇರೆ ಕಾರಣ ಹೇಳುತ್ತಿದ್ದರು. "ಹೆಣದ ಗಲ್ಲ ಎತ್ತಿ ಎತ್ತಿ ಆ ತಣುಪು ಕೈಗೆ ಹತ್ಕೊಂಡೈತೆ ಕಣ್ರೀ" ಅನ್ನುತ್ತಿದ್ದರು.

ನಮ್ಮ ಕಡೆ ಆಗ, ಎಪ್ಪತ್ತರ ದಶಕದಲ್ಲಿ, ತೆಂಗಿನ ತೋಟವಿದ್ದ ಅನುಕೂಲಸ್ಥರ ಮನೆಗಳಲ್ಲೂ ಎಷ್ಟೋ ಜನ ಬದುಕಿರುವಾಗ ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ. ಆಯುಸ್ಸು ಕಮ್ಮಿಯಾಗುತ್ತದೆಂಬ ಹೆದರಿಕೆ ಕೆಲವರಿಗೆ. ಮಿಕ್ಕವರಿಗೆ ಪುರುಸೊತ್ತಿಲ್ಲ. ಜೀವ ಹೋದ ಮೇಲೆ ಮೈ ತೊಳೆಸಿ, ಹೊಸ ಬಟ್ಟೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿ, ಸುತ್ತ ಮನೆಮಂದಿಯೆಲ್ಲ ನಿಂತು ಒಂದು ಫೋಟೋ. ಅದನ್ನು ತೆಗೆಯಲು ತಿಪಟೂರಿನಿಂದ ಬರುತ್ತಿದ್ದವರು ಇವರು. ಕ್ಯಾಮೆರಾ ಪೆಟ್ಟಿಗೆಯನ್ನೂ ಮರದ ಸ್ಟ್ಯಾಂಡನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಕಿಬ್ಬನಹಳ್ಳಿ, ನೊಣವಿನಕೆರೆ, ದೂರವಾದರೆ ಬಸ್ಸಿನ ಮೇಲೆ ಸೈಕಲ್ ಹಾಕಿಸಿ ದಬ್ಬೇಘಟ್ಟದವರೆಗೂ ಹೋಗುತ್ತಿದ್ದರು. ಆ ಫೋಟೋಗಳನ್ನು ನೋಡಿದವರಿಗೆ ಗೊತ್ತಿರುತ್ತದೆ, ಅವುಗಳಲ್ಲಿ ಸತ್ತವರ ಮುಖವೇ ಎಲ್ಲರಿಗಿಂತ ಸ್ಪಷ್ಟ. ಅಳುತ್ತ ನಿಂತವರು ಅಲುಗಾಡಿ ಮಸುಕಾಗಿರುತ್ತಾರೆ.

ಎಲ್ಲರಿಗೂ ಅವರು 'ಫೋಟೋದೋರು'. ನಾನು ಅವರ ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ ಮೇಲೆ 'ಸಾರ್' ಅನ್ನತೊಡಗಿದೆ. ಅವರು ನನ್ನನ್ನು 'ಅಮ್ಮಣ್ಣಿ' ಎಂದು ಕರೆಯುತ್ತಿದ್ದರು.

ಸ್ಟುಡಿಯೋ ಮೊದಲು ಕೊಬ್ಬರಿ ಮಂಡಿಯಾಗಿತ್ತು. ಎಷ್ಟು ಸುಣ್ಣ ಹೊಡೆದರೂ ಗೋಡೆಯಿಂದ ಹಳೇ ಕೊಬ್ಬರಿಯ ಕಮಟು ಹೋಗಿರಲಿಲ್ಲ. ಉತ್ತರದ ಕಡೆ ಹೆಂಚು ತೆಗೆಸಿ ಸೂರಿಗೆ ಗಾಜು ಹಾಕಿಸಿದ್ದರು. ಬಿಸಿಲು ಜಾಸ್ತಿಯಾದರೆ ಎಳೆಯಲು ಅದರ ಕೆಳಗೆ ನೀಲಿ ಬಟ್ಟೆಯ ಪರದೆ. ಒಂದು ಗೋಡೆಗೆ ಅರಮನೆಯ ಮೆಟ್ಟಿಲು ಬರೆದ ದೊಡ್ಡ ಪಟ, ಅದರ ಮುಂದೆ ಒಂದು ಕುರ್ಚಿ. ಇಷ್ಟು ಯಾವ ಸ್ಟುಡಿಯೋದಲ್ಲಾದರೂ ಇರುತ್ತಿತ್ತು. ಇಲ್ಲಿ ಇನ್ನೊಂದಿತ್ತು. ಗಾಜಿನ ಸೂರಿನ ಕೆಳಗಿನ ಕಬ್ಬಿಣದ ಸರಳುಗಳಿಂದ ತೆಂಗಿನಕಾಯಿ ಮಟ್ಟೆಯ ಚೂರುಗಳು ತೂಗಾಡುತ್ತಿದ್ದವು. ಪ್ರತಿಯೊಂದಕ್ಕೂ ಒಂದೊಂದು ಗಿಡ ಕಟ್ಟಿತ್ತು. ಪಟ್ಟಿಯಂಥ ದಪ್ಪ ಎಲೆ, ಬೆರಳು ಗಾತ್ರದ ಬೇರು. ಮಣ್ಣಿಲ್ಲದ ಬೇರುಗಳು ಗಾಳಿಯಲ್ಲಿ ಕೆಳಕ್ಕೆ ಇಳಿಬಿದ್ದು, ಕುರ್ಚಿಯಲ್ಲಿ ಕೂತವರ ತಲೆಯ ಮೇಲೆ ಏನನ್ನೋ ಹುಡುಕುತ್ತಿರುವಂತೆ ಕಾಣುತ್ತಿದ್ದವು. ಕಂಕುಳ ಕೂಸುಗಳು ಕ್ಯಾಮೆರಾ ನೋಡುತ್ತಿರಲಿಲ್ಲ, ಮೇಲೆ ನೋಡಿ ಕಿಟಾರನೆ ಕಿರುಚುತ್ತಿದ್ದವು.

ನಮ್ಮ ಜನ ಅದನ್ನು ಬದನಿಕೆ ಅನ್ನುತ್ತಾರೆ. ಹಳೇ ಮಾವು, ಹಿಪ್ಪೆ, ಹೊಂಗೆ ಮರಗಳ ಕೊಂಬೆಯ ಮೇಲೆ ತಾನಾಗಿ ಬೆಳೆಯುತ್ತದೆ. ಮಾಟಕ್ಕೆ ಬಳಸುತ್ತಾರೆಂದು ಹೇಳಿ ಮನೆಯೊಳಗೆ ತರುವುದಿಲ್ಲ. ಕಾಫಿ ತೋಟದ ಯಾರೋ ಒಬ್ಬರು ಫೋಟೋ ತೆಗೆಸಲು ಬಂದಾಗ ಇದಕ್ಕೆ ಆರ್ಕಿಡ್ ಅಂತಾರೆ, ಬೆಂಗಳೂರಿನಲ್ಲಿ ದೊಡ್ಡ ಮನೆಗಳವರು ಸಾಕುತ್ತಾರೆ ಎಂದು ಹೇಳಿದ್ದರಂತೆ. ಆದರೆ ಇವರು ಅದನ್ನು ಸಾಕಲು ಹಿಡಿದದ್ದು ಆ ಮಾತು ಕೇಳಿ ಅಲ್ಲ. ಸಾವಿನ ಮನೆಯಲ್ಲಿ ಸೌದೆಗೆಂದು ಮಾವಿನ ಕೊಂಬೆ ಕಡಿಯುತ್ತಾರಲ್ಲ, ಆ ಕೊಂಬೆಗಳಿಗೆ ಎಷ್ಟೋ ಸಲ ಬದನಿಕೆ ಅಂಟಿಕೊಂಡಿರುತ್ತಿತ್ತು. ಹಸಿಹಸಿ ಗಿಡ ಚಿತೆಗೆ ಹೋಗುವುದನ್ನು ಇವರಿಗೆ ನೋಡಲಾಗುತ್ತಿರಲಿಲ್ಲ. ಫೋಟೋ ತೆಗೆದ ಮೇಲೆ ಸೌದೆ ರಾಶಿಯ ಹತ್ತಿರ ಹೋಗಿ, "ಇದೊಂದು ಬಿಡಿಸ್ಕೊಳ್ಳಲಾ?" ಎಂದು ಕೇಳುತ್ತಿದ್ದರು. ಅಂಥ ಹೊತ್ತಿನಲ್ಲಿ ಬೇಡ ಅನ್ನಲು ಯಾರಿಗೆ ತೋಚುತ್ತದೆ? ತಂದು ಮಟ್ಟೆಗೆ ಕಟ್ಟಿ ನೇತುಹಾಕುತ್ತಿದ್ದರು. ಹಾಗೆ ಅಲ್ಲಿದ್ದ ಒಂದೊಂದು ಗಿಡವೂ ಒಂದೊಂದು ಸಾವಿನ ಮನೆಯದು. ಯಾವುದು ಯಾವ ಊರಿನದೆಂದು ಅವರಿಗೆ ನೋಡಿದರೆ ತಿಳಿಯುತ್ತಿತ್ತು.

ಇದು ಊರಿಗೆ ಗೊತ್ತಾದ ಮೇಲೆ ಮಾತು ಬೆಳೆಯಿತು. ಸತ್ತವರನ್ನು ಗಿಡದಲ್ಲಿ ಕಟ್ಟಿಹಾಕಿದ್ದಾರೆ ಎಂದರು. ಬಸುರಿಯರು ಆ ಬೀದಿಯಲ್ಲಿ ಹೋಗುವಾಗ ಆಚೆ ಬದಿಗೆ ದಾಟುತ್ತಿದ್ದರು. ಸಾರ್ ಮಾತ್ರ ಬೆಳಿಗ್ಗೆ ನೀರು ಸಿಂಪಡಿಸುತ್ತ, "ಕಿಬ್ಬನಹಳ್ಳಿ ಯಜಮಾನ್ರು ಇವತ್ತು ಗೆಲುವಾಗಿದಾರೆ" ಎಂದು ತಮಗೆ ತಾವೇ ಅಂದುಕೊಳ್ಳುತ್ತಿದ್ದರು.

ನಾನು ಮೊದಲು ಅಲ್ಲಿಗೆ ಹೋದದ್ದು ಮದುವೆ ಫೋಟೋಗೆ. ನಮ್ಮದು ನೊಣವಿನಕೆರೆ ಹತ್ತಿರದ ತೋಟದ ಮನೆ. ಪಿಯುಸಿ ಮುಗಿಸಿ ಮನೆಯಲ್ಲಿದ್ದೆ. ಗಂಡಿನ ಕಡೆಯವರು ಫೋಟೋ ಕಳಿಸಿ ಅಂದಿದ್ದರು. ಅಪ್ಪ ನನ್ನನ್ನು ಕರೆದುಕೊಂಡು ಒಳಗೆ ಬಂದವನು ಇವರ ಮುಖ ನೋಡಿ ತಲೆ ತಗ್ಗಿಸಿದ. ಕಾರಣ ನನಗೆ ಗೊತ್ತಿತ್ತು. ಅದಕ್ಕೆ ಹಿಂದಿನ ವರ್ಷ ನನ್ನ ತಂಗಿ ಮಿದುಳು ಜ್ವರದಲ್ಲಿ ತೀರಿಕೊಂಡಿದ್ದಳು. ಹೈಸ್ಕೂಲು ಮುಗಿಸಿರಲಿಲ್ಲ. ನೆಂಟರು ಯಾರೋ ಫೋಟೋದವರಿಗೆ ಹೇಳಿ ಕಳಿಸಿದ್ದರು. ಇವರು ಬಂದಾಗ ಅಪ್ಪ ಗೇಟಿನಲ್ಲೇ ಅಡ್ಡ ನಿಂತು, "ನನ್ನ ಮಗಳನ್ನ ಹೆಣ ಮಾಡಿ ಗೋಡೆಗೆ ಹಾಕ್ಕೊಳ್ಳಲ್ಲ, ನಡೀರಿ" ಎಂದು ಕೂಗಿದ್ದ. ಇವರು ಮರುಮಾತಾಡದೆ ಸೈಕಲ್ ತಿರುಗಿಸಿಕೊಂಡು ಹೋಗಿದ್ದರು.

ಆ ದಿನ ಅವರು ಅದನ್ನು ನೆನಪಿಟ್ಟುಕೊಂಡಂತೆ ತೋರಿಸಲಿಲ್ಲ. ನನ್ನನ್ನು ಕೂರಿಸಿ, ಗಲ್ಲ ಎತ್ತಿ, ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಆಮೇಲೆ ಬಂದು ಲೆನ್ಸ್ ಒರೆಸಿದರು. ಮತ್ತೆ ಬಟ್ಟೆಯೊಳಗೆ ಹೋದರು. ಮತ್ತೆ ಹೊರಬಂದು, ನನ್ನ ಬೆನ್ನಿನ ಹಿಂದೆ ನೋಡುತ್ತ, "ಯಾರಾದ್ರೂ ಹಿಂದೆ ನಿಂತಿದೀರಾ?" ಎಂದು ಕೇಳಿದರು. ನಾನು ತಿರುಗಿದೆ. ಪಟದ ಮೇಲಿನ ಅರಮನೆಯ ಮೆಟ್ಟಿಲು ಬಿಟ್ಟರೆ ಏನೂ ಇರಲಿಲ್ಲ. ಅಪ್ಪ ಬಾಗಿಲ ಹತ್ತಿರ ಬೆಂಚಿನ ಮೇಲೆ ಕೂತಿದ್ದ. "ಇಲ್ಲ ಬುಡಿ" ಎಂದವರೇ ಫೋಟೋ ತೆಗೆದರು.

ಆ ಸಂಬಂಧ ಕೂಡಿ ಬರಲಿಲ್ಲ. ಆದರೆ ಫೋಟೋ ಒಣಗುವವರೆಗೆ ಕಾಯುತ್ತ ಕೂತಿದ್ದಾಗ, ಮೇಜಿನ ಮೇಲಿದ್ದ ಬಣ್ಣ ತುಂಬಿದ ಫೋಟೋವೊಂದನ್ನು ನೋಡಿ, "ಈ ತುಟಿ ಇಷ್ಟು ಕೆಂಪು ಬೇಡವಾಗಿತ್ತು" ಎಂದು ನಾನು ಬಾಯಿ ತಪ್ಪಿ ಅಂದಿದ್ದೆ. ನಾನು ಶಾಲೆಯಲ್ಲಿ ಚಿತ್ರ ಬರೆಯುತ್ತಿದ್ದವಳು. ಅವರು ಒಂದು ಕುಂಚ ಕೈಗೆ ಕೊಟ್ಟು, "ತೆಗಿ ನೋಡಾಣ" ಅಂದರು. ಮುಂದಿನ ವಾರ ಅಪ್ಪನಿಗೆ ಹೇಳಿ ಕಳಿಸಿದರು. ಕಪ್ಪು ಬಿಳುಪು ಫೋಟೋಗಳಿಗೆ ಬಣ್ಣ ತುಂಬಲು ಒಬ್ಬರು ಬೇಕು, ಮಗಳನ್ನು ಕಳಿಸುತ್ತೀರಾ ಎಂದು. ಅಪ್ಪ ಒಪ್ಪುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. "ಅವತ್ತು ಅಷ್ಟು ಬೈದ್ರೂ ಒಂದು ಮಾತಾಡ್ಲಿಲ್ಲ ಆ ಮನುಷ್ಯ. ಹೋಗು" ಅಂದ.

ಕೆಲಸ ಕಲಿಸುವಾಗ ಅವರದು ಮಾತು ಕಡಿಮೆ. "ಕಣ್ಣಿಗೆ ಕೊನೇಗೆ ಹೋಗು ಅಮ್ಮಣ್ಣಿ. ಮೊದಲೇ ಕಣ್ಣು ಬರೆದ್ರೆ ಅದು ನಿನ್ನನ್ನ ನೋಡ್ತಾ ಇರುತ್ತೆ, ಕೈ ನಡುಗುತ್ತೆ" ಅನ್ನುತ್ತಿದ್ದರು. ಅದು ತಮಾಷೆಯಲ್ಲ. ಸತ್ತವರ ಮುಚ್ಚಿದ ಕಣ್ಣಿನ ಮೇಲೆ ತೆರೆದ ಕಣ್ಣು ಬರೆಯುವುದೂ ನಮ್ಮ ಕೆಲಸವೇ ಆಗಿತ್ತು. ಒಂದು ಸಲ ಆತುರಕ್ಕೆ ಕಣ್ಣು ಮೊದಲು ಬರೆದು, ಮಿಕ್ಕ ಮುಖಕ್ಕೆ ಬಣ್ಣ ಹಚ್ಚಲಾಗದೆ ಫೋಟೋವನ್ನು ಮಗುಚಿ ಇಟ್ಟು ಎದ್ದು ಹೋಗಿದ್ದೆ.

ಅವರ ನಿಜವಾದ ಚಿಂತೆ ಆ ಗಿಡಗಳದಾಗಿತ್ತು. ಎಲೆ ಬರುತ್ತಿತ್ತು, ಬೇರು ಬರುತ್ತಿತ್ತು, ಹೂ ಮಾತ್ರ ಬರುತ್ತಿರಲಿಲ್ಲ. ಮರದ ಮೇಲಿದ್ದಾಗ ಬೇಸಗೆ ಬಂದರೆ ಹೂ ಬಿಡುತ್ತಿದ್ದ ಗಿಡ ಇಲ್ಲಿ ಯಾಕೆ ಬಿಡುವುದಿಲ್ಲ ಎಂದು ಅವರು ಊಟ ಮಾಡುತ್ತಲೂ ಯೋಚಿಸುತ್ತಿದ್ದರು. ಹಸಿ ಮಟ್ಟೆಯ ಕಂದು ರಸ ಬೇರನ್ನು ಸುಡುತ್ತದೆ ಎಂದು ಕಂಡುಕೊಂಡು, ಮಟ್ಟೆಯನ್ನು ನೀರಿನಲ್ಲಿ ನೆನೆಹಾಕಿ, ಬಣ್ಣ ಬಿಡುವುದು ನಿಲ್ಲುವವರೆಗೆ ನೀರು ಬದಲಿಸಿ ಆಮೇಲೆ ಕಟ್ಟಿದರು. ಅಕ್ಕಿ ತೊಳೆದ ನೀರು ಹಾಕಿದರು, ಇರುವೆ ಮುತ್ತಿದವು. ಬಿಟ್ಟರು. ಒಂದು ವರ್ಷ ಕೆಲವು ಗಿಡಗಳಲ್ಲಿ ಮೊಗ್ಗಿನ ದಂಟು ಬಂತು. ಅವರು ಮಗುವಿನ ತೊಟ್ಟಿಲ ಸುತ್ತ ಓಡಾಡುವಂತೆ ಓಡಾಡಿದರು. ಮೊಗ್ಗುಗಳು ಹಳದಿಯಾಗಿ ಒಂದೊಂದೇ ಉದುರಿದವು. ಕುರ್ಚಿಯ ಮೇಲೆ ಬಿದ್ದಿದ್ದ ಮೊಗ್ಗುಗಳನ್ನು ಅಂಗೈಯಲ್ಲಿ ಆರಿಸಿಕೊಂಡು ಮೂಸಿ ನೋಡಿದರು. "ಇದಕ್ಕೆ ಹೈಪೊ ವಾಸನೆ ಬಡಿದಿದೆ ಕಣಮ್ಮ" ಅಂದರು. ಹೈಪೊ ಔಷಧಿಯಲ್ಲಿ ಫೋಟೋ ತೊಳೆಯುವ ಕತ್ತಲೆ ಕೋಣೆಯ ಬಾಗಿಲು ಈ ಕಡೆಗೇ ತೆರೆಯುತ್ತಿತ್ತು. ಒಳಗಿನ ಔಷಧಿಗಳ ಹುಳಿ ಘಾಟು ಮೇಲೇರಿ ಗಾಜಿನ ಕೆಳಗೆ ನಿಲ್ಲುತ್ತಿತ್ತು. ಆ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ, ಹಿಂದಿನ ಹಿತ್ತಲಿಗೆ ಬೇರೆ ಬಾಗಿಲು ಒಡೆಸಿದರು. ಒಂದು ಗಾಜು ತೆಗೆಸಿ ತಂತಿಯ ಜಾಲರಿ ಹಾಕಿಸಿದರು, ರಾತ್ರಿ ತಂಪು ಗಾಳಿ ಆಡಲಿ ಎಂದು.

ಆದರೂ ಹೂ ಇಲ್ಲ. ಕೊನೆಗೆ ಒಂದು ದಿನ ನಾನು ಬಣ್ಣದ ಮೇಜಿನಲ್ಲಿ ಕೂತಿದ್ದಾಗ ಅವರು ನೀಲಿ ಪರದೆಯ ಹಗ್ಗ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟರು. "ಮುಖ ಚೆನ್ನಾಗಿ ಬರ್ಲಿ ಅಂತ ನಾನು ಇದನ್ನ ಎಳೀತೀನಿ. ಬದುಕಿರೋರ ಮುಖಕ್ಕೋಸ್ಕರ ಇವರ ಬೆಳಕು ಕಿತ್ಕೊಳ್ತಾ ಇದೀನಿ" ಅಂದರು. 'ಇವರ' ಅಂದದ್ದು ಯಾರನ್ನೆಂದು ನಾನು ಕೇಳಲಿಲ್ಲ. ಅಂದಿನಿಂದ ಬೆಳಗಿನ ಹೊತ್ತು ಪರದೆ ಎಳೆಯುವುದು ನಿಂತಿತು. ಗಿರಾಕಿಗಳು ಬಂದರೆ, "ಸಾಯಂಕಾಲ ಬನ್ನಿ" ಅನ್ನುತ್ತಿದ್ದರು. ಬೈದುಕೊಂಡು ಹೋದವರು ಬಹಳ ಮಂದಿ.

ಮುಂದಿನ ಬೇಸಗೆಯಲ್ಲಿ ಕಿಬ್ಬನಹಳ್ಳಿಯ ಗಿಡ ಹೂ ಬಿಟ್ಟಿತು. ನಾನು ಬೆಳಿಗ್ಗೆ ಬಸ್ ಇಳಿದು ಬಂದು ಬಾಗಿಲು ದಾಟಿದ ಕೂಡಲೇ ಪರಿಮಳ. ಸಿಹಿಯಾದ, ಸ್ವಲ್ಪ ಭಾರವಾದ ವಾಸನೆ. ಪಕ್ಕದಲ್ಲಿ ಯಾರೋ ಬಂದು ನಿಂತಂತೆ ಅನ್ನಿಸುವಂಥದು. ಹೂವಿನ ದಳಗಳು ಹಸಿರು ಕಂದು, ಅವುಗಳ ಮೇಲೆ ಬಲೆಯಂಥ ಗೆರೆಗಳು, ನಡುವೆ ಒಂದು ನೀಲಿ ನಾಲಿಗೆ. ಸಾರ್ ಕುರ್ಚಿಯಲ್ಲಿ ಕೂತು ಮೇಲೆ ನೋಡುತ್ತಿದ್ದರು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ರೈತ ಬಂದು ನಿಂತ. ಕಿಬ್ಬನಹಳ್ಳಿಯವನು. ಸತ್ತ ಯಜಮಾನರ ಮಗ. ನಾಳಿದ್ದು ಅಪ್ಪನ ತಿಥಿ, ಫೋಟೋಗೆ ಗೆದ್ದಲು ಹಿಡಿದಿದೆ, ಇನ್ನೊಂದು ಮಾಡಿಕೊಡಬೇಕು ಎಂದ. ಹೇಳುತ್ತ ಹೇಳುತ್ತ ಮೂಗು ಅರಳಿಸಿದ. "ಇದೇನು, ನಮ್ಮ ಬಾವಿ ಹತ್ರದ ಮರದ ವಾಸ್ನೆ?" ಅಂದ.

ಬೇಸಗೆಯಲ್ಲಿ ಸತ್ತವರ ತಿಥಿ ಬೇಸಗೆಯಲ್ಲೇ ಬರುತ್ತದೆ, ಬೇಸಗೆಯ ಹೂವೂ ಆಗಲೇ ಬಿಡುತ್ತದೆ ಎಂದು ನಾನು ಆ ದಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ ನನಗೆ ನಾನೇ ಹೇಳಿಕೊಂಡೆ. ಈಗಲೂ ಹೇಳಿಕೊಳ್ಳುತ್ತೇನೆ.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಬೇರೊಂದು ಶುರುವಾಗಿತ್ತು. ತಂಗಿ ಹೋದ ಮೇಲೆ ಅಮ್ಮ ಮಾತು ಕಡಿಮೆ ಮಾಡಿದ್ದಳು. ಒಂದು ಮಧ್ಯಾಹ್ನ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು, "ಅವಳ ಮುಖ ಮರ್ತೋಗ್ತಾ ಐತೆ ಕಣೇ" ಅಂದಳು. ಆ ದನಿಯಲ್ಲಿದ್ದ ದಿಗಿಲನ್ನು ನಾನು ಅವಳ ಬಾಯಲ್ಲಿ ಎಂದೂ ಕೇಳಿರಲಿಲ್ಲ. "ಕಣ್ಮುಚ್ಚಿದ್ರೆ ಬರೋಳು. ಈಗ ಲಂಗ ಕಾಣ್ತದೆ, ಜಡೆ ಕಾಣ್ತದೆ, ಮುಖ ಇರೋ ಕಡೆ ಏನೂ ಇಲ್ಲ." ತಂಗಿಯದು ಒಂದೂ ಫೋಟೋ ಇರಲಿಲ್ಲ. ಅಪ್ಪ ಆ ಮಾತು ಕೇಳಿಸಿಕೊಂಡು ಎದ್ದು ತೋಟಕ್ಕೆ ಹೋದ.

ನಾನು ಸಾರ್‌ಗೆ ಹೇಳಿದೆ. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿ, ಅಕ್ಕತಂಗಿಯರು ಹೋಲುತ್ತಿದ್ದರಾ ಎಂದು ಕೇಳಿದರು. ಹೋಲುತ್ತಿದ್ದೆವು. ಹಾಗಾದರೆ ನಿನ್ನ ಮುಖದಿಂದ ಅವಳ ಮುಖ ಮಾಡೋಣ ಅಂದರು. ತಂಗಿಯ ಲಂಗ ದಾವಣಿ ಉಟ್ಟು, ಅವಳಂತೆ ಎರಡು ಜಡೆ ಹಾಕಿಕೊಂಡು ಆ ಕುರ್ಚಿಯಲ್ಲಿ ಕೂತೆ. ಫಿಲಂ ತೊಳೆದು, ಅದರ ಮೇಲೆ ಸೀಸದ ಕಡ್ಡಿಯಿಂದ ಅವರು ಕೆನ್ನೆ ತುಂಬಿಸಿದರು, ಹುಬ್ಬು ತಿದ್ದಿದರು, ನನ್ನ ವಯಸ್ಸು ಇಳಿಸಿದರು. ಅಮ್ಮನಿಗೆ ತೋರಿಸಿದೆ. "ಹೂಂ, ಹಿಂಗೇ ಇದ್ಲು" ಅಂದಳು. ಮರುಗಳಿಗೆ, "ಗೊತ್ತಾಗ್ತಿಲ್ಲ ಕಣೇ" ಅಂದಳು. ಆದರೂ ಪಟಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿ, ಹಾರ ಹಾಕಿ, ದಿನಾ ದೀಪ ಹಚ್ಚತೊಡಗಿದಳು.

ಅದು ನನ್ನದೇ ಫೋಟೋ. ನನ್ನ ಮುಖಕ್ಕೆ ಹಾರ ಬಿದ್ದಿತ್ತು. ಕೆಲಸದಿಂದ ಬಂದು ಒಳಗೆ ಕಾಲಿಟ್ಟರೆ ಅದು ಎದುರಿಗೆ ಇರುತ್ತಿತ್ತು. ಸ್ವಲ್ಪ ದಿನ ಕಳೆಯಿತು. ಒಂದು ಸಂಜೆ ನಾನು ಕೈಕಾಲು ತೊಳೆದು ಬಂದಾಗ ಅಮ್ಮ ನನಗೆ ತಂಗಿಯ ತಟ್ಟೆ ಹಾಕಿದ್ದಳು. ತಂಗಿಯ ಹೆಸರು ಹಿಡಿದು, "ಬಾ ಉಣ್ಣು" ಎಂದು ಕರೆದಳು. ಬಾಯಿ ತಪ್ಪಿರಬೇಕೆಂದು ಕೂತೆ. ಅವಳು ಮುದ್ದೆ ಇಡುತ್ತ ಕೇಳಿದಳು:

"ನಿಮ್ಮಕ್ಕ ಎಲ್ಲೋದ್ಲು?"

ಅಪ್ಪನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. "ಏಯ್, ಏನಂತೀಯ? ಇವಳೇ ದೊಡ್ಡೋಳಲ್ವೇನೇ?" ಎಂದ. ಅಮ್ಮ ಗೋಡೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ನಿಧಾನವಾಗಿ ತಲೆಯಾಡಿಸಿದಳು. "ದೊಡ್ಡೋಳು ಹೋಗ್ಬುಟ್ಲಲ್ಲ. ಅಲ್ಲವಳೆ ನೋಡು."

ಅಲ್ಲಿಂದ ಮುಂದೆ ದಿನವೂ ಹಾಗೇ ಆಯಿತು. ಅಮ್ಮ ಮಿಕ್ಕ ಎಲ್ಲದರಲ್ಲೂ ಸರಿಯಾಗಿದ್ದಳು. ಹಾಲು ಕರೆಯುವಳು, ಆಳುಗಳಿಗೆ ಬುತ್ತಿ ಕಟ್ಟುವಳು. ನಾನೊಬ್ಬಳು ಮಾತ್ರ ಅವಳಿಗೆ ಇರಲಿಲ್ಲ. ನನ್ನ ಹೆಸರು ಹೇಳಿಕೊಂಡರೆ, "ಹಂಗೆ ಆಡಬ್ಯಾಡ, ಸತ್ತೋರ ಹೆಸರು ಇಟ್ಕೊಂಡು ಆಡಬಾರ್ದು" ಅನ್ನುತ್ತಿದ್ದಳು. ಕನ್ನಡಿ ನೋಡಿಕೊಂಡರೆ ನನಗೂ ಅನುಮಾನ ಬರುತ್ತಿತ್ತು. ಸೀಸದ ಕಡ್ಡಿಯಲ್ಲಿ ತಿದ್ದಿದ ಹುಬ್ಬು ನನ್ನ ಹಣೆಯ ಮೇಲೇ ಕಂಡಂತಾಗುತ್ತಿತ್ತು.

ಸಾರ್‌ಗೆ ಇದನ್ನು ಹೇಳಿದಾಗ ಅವರು ಕುಂಚ ತೊಳೆಯುತ್ತಿದ್ದರು. ನೀರಿನ ಬಟ್ಟಲಿನಿಂದ ಕೈ ತೆಗೆಯಲೇ ಇಲ್ಲ. ಮಾರನೇ ದಿನ ಸೈಕಲ್ ಹತ್ತಿ ನಮ್ಮ ಮನೆಗೆ ಬಂದರು. ಈ ಸಲ ಅಪ್ಪ ಗೇಟು ತೆರೆದ. ನಡುಮನೆಗೆ ಹೋಗಿ, ಅಮ್ಮನಿಗೆ ಕೈ ಮುಗಿದು, ಗೋಡೆಯಿಂದ ಪಟ ಇಳಿಸಿದರು. ಜೊತೆಗೆ ತಂದಿದ್ದ ಫಿಲಮ್ಮನ್ನೂ ಫೋಟೋವನ್ನೂ ಬಚ್ಚಲ ಒಲೆಗೆ ಹಾಕಿದರು. ಫಿಲಂ ಮುದುರಿಕೊಂಡು ನೀಲಿಯಾಗಿ ಉರಿಯಿತು. "ನಂದೇ ತಪ್ಪು ಯಜಮಾನ್ರೇ. ಇರೋ ಮಗಳ ಮುಖ ಒರೆಸಿ ಅದರ ಮೇಲೆ ಇನ್ನೊಂದು ಬರೆಯೋಕೆ ಹೋದೆ" ಎಂದು ಅಪ್ಪನಿಗೆ ಹೇಳಿದರು. ಅಮ್ಮ ಅಳಲಿಲ್ಲ, ಬೈಯಲಿಲ್ಲ. ಬರಿ ಮೊಳೆಯನ್ನು ನೋಡುತ್ತ ಕೂತಳು. ನನ್ನ ಹೆಸರು ಮಾತ್ರ ಅವಳ ಬಾಯಿಗೆ ಬರಲಿಲ್ಲ.

ಅವರು ಹೊರಡುವಾಗ ನಾನು ಗೇಟಿನವರೆಗೆ ಹೋದೆ. ಅಲ್ಲಿಯ ಹಳೇ ಮಾವಿನ ಮರದಲ್ಲಿ ಕಡಿದ ಕೊಂಬೆಯ ಗಾಯ ಇನ್ನೂ ಇತ್ತು. ಅದನ್ನು ನೋಡುತ್ತ ನಿಂತು, "ಒಂದು ಗಿಡ ಇಲ್ಲಿಂದ ತಗೊಂಡು ಹೋಗಿದೀನಿ ಕಣಮ್ಮಣ್ಣಿ" ಅಂದರು. "ಅವತ್ತು. ಕೊಂಬೆ ಕಡಿದು ಗೇಟಿನ ಹೊರಗೆ ಹಾಕಿದ್ರು. ಯಾರನ್ನೂ ಕೇಳೋಕೆ ಆಗ್ಲಿಲ್ಲ." ನಾನು ದಿನಾ ಬಣ್ಣ ಹಚ್ಚುತ್ತಿದ್ದ ಮೇಜಿನ ನೇರ ಮೇಲೆ ತೂಗುತ್ತಿದ್ದ ಗಿಡ ಅದು. ಅದರ ಬೇರು ಎಷ್ಟೋ ಸಲ ನನ್ನ ತಲೆಗೂದಲಿಗೆ ತಗುಲಿತ್ತು.

ಆ ವರ್ಷವೆಲ್ಲ ಅವರು ಅದೊಂದು ಗಿಡದ ಹಿಂದೆ ಬಿದ್ದರು. ಪರದೆಯನ್ನು ಪೂರ್ತಿ ಬಿಚ್ಚಿ ಮಡಿಸಿಟ್ಟುಬಿಟ್ಟರು. ಚಳಿಗಾಲದಲ್ಲಿ ನೀರು ಕಡಿಮೆ ಮಾಡಿದರು. ಬೆಳಕು ಬೀಳುವ ಕಡೆಗೆ ಗಿಡವನ್ನು ಸರಳಿನ ಮೇಲೆ ಸರಿಸುತ್ತ ಹೋದರು. ಮಾಘದ ಕೊನೆಗೆ ಎಲೆಯ ಸಂದಿಯಲ್ಲಿ ದಂಟು ಕಾಣಿಸಿತು. ಅದರ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ, ನಾನೂ ಆಡಲಿಲ್ಲ. ಆಡಿದರೆ ಉದುರಿಬಿಡುತ್ತದೆ ಎಂದು ಇಬ್ಬರಿಗೂ ಹೆದರಿಕೆ.

ಒಂದು ಸಂಜೆ ನಾನು ಹೊರಟಾಗ, "ನಾಳೆ ಬೆಳಿಗ್ಗೆ ಅಮ್ಮನ್ನ ಕರ್ಕೊಂಡು ಬಾ. ಫೋಟೋಗಲ್ಲ" ಅಂದರು.

ತಂಗಿ ಹೋದ ಮೇಲೆ ಅಮ್ಮ ತಿಪಟೂರಿಗೆ ಬಂದಿರಲಿಲ್ಲ. ಅಪ್ಪನೂ ನಾನೂ ಎರಡು ಕಡೆ ಹಿಡಿದುಕೊಂಡು ಕರೆತಂದೆವು. ಕಂಕುಳಲ್ಲಿ ಎಳೆ ಮಗುವಿದ್ದಂತೆ ಎಚ್ಚರದಿಂದ ಹೆಜ್ಜೆ ಇಡುತ್ತ ಒಳಗೆ ಬಂದಳು. ಗಾಜಿನ ಸೂರಿನ ಕೆಳಗೆ ಬೆಳಕು ತುಂಬಿತ್ತು. ನಮ್ಮ ಗಿಡ ದಂಟಿನ ತುಂಬ ಅರಳಿತ್ತು. ಅಮ್ಮ ಅದನ್ನು ನೋಡಿದವಳೇ ಹಿಂದಕ್ಕೆ ಹಾರಿ ಅಪ್ಪನಿಗೆ ಢಿಕ್ಕಿ ಹೊಡೆದಳು.

"ಇದನ್ನ ಯಾಕೆ ಒಳಗಿಟ್ಟಿದೀರಿ? ಎಸೀರಿ ಆಚೆಗೆ! ಎಸೀರಿ!"

ಸಾರ್ ಅಲುಗಾಡಲಿಲ್ಲ. "ನಿಮ್ಮ ಮರದ್ದೇ ಕಣಮ್ಮ. ಸೌದೆ ಜೊತೆ ಹೋಗ್ತಿತ್ತು, ನಾನು ತಂದೆ" ಅಂದರು.

ಅಮ್ಮ ಅಪ್ಪನ ತೋಳು ಹಿಡಿದುಕೊಂಡಳು. ಪರಿಮಳ ಅವಳ ಸುತ್ತ ಬಂದು ನಿಂತದ್ದು ನನಗೆ ತಿಳಿಯಿತು, ಯಾಕೆಂದರೆ ಅವಳು ಉಸಿರು ಬಿಗಿಹಿಡಿದಳು. ಎಷ್ಟು ಹೊತ್ತು ಹಿಡಿದಾಳು? ಉಸಿರು ಬಿಟ್ಟಾಗ ಅದರ ಜೊತೆ ಮಾತೂ ಬಂತು. "ಬ್ಯಾಡ ಕಣೇ, ಬದನಿಕೆ ಹೂ ಮುಡೀಬ್ಯಾಡ, ಮನೆಗಾಗಲ್ಲ ಅಂತ ಬಡ್ಕೊಂಡೆ. ಕೇಳ್ಲಿಲ್ಲ. ಮರ ಹತ್ತಿ ಕೊಂಬೆ ಮೇಲೆ ಕೂತು ಜಡೆಗೆ ಸಿಗಿಸ್ಕೊಂಡು ನನ್ನ ನೋಡಿ ನಗೋಳು. ನಗೋವಾಗ ಎಡಗಣ್ಣು ಮುಚ್ಚೋದು ಅವಳಿಗೆ. ಮೂಗಿನ ಮೇಲೆ ಸುಕ್ಕು ಬೀಳೋದು. ಕೆಳಗಿನ ತುಟಿ ಒಂದು ಕಡೆಗೆ ಓಡೋದು..."

ಸಾರ್ ನನ್ನ ಕೈಗೆ ಕಾಗದ, ಪೆನ್ಸಿಲ್ ತುರುಕಿದರು. ನಾನು ನಿಂತಲ್ಲೇ ಬರೆಯತೊಡಗಿದೆ. ಅಮ್ಮ ಹೇಳುತ್ತ ಹೋದಳು. ಹಣೆಯ ಮೇಲಿನ ಎಳೆ ಕೂದಲು, ಕಿವಿಯ ಹಾಲೆ, ಬೈದಾಗ ಗಲ್ಲ ಮುಂದೆ ಮಾಡುವುದು. ನನಗೂ ಮರೆತಿದ್ದ ನನ್ನ ತಂಗಿ ಪೆನ್ಸಿಲಿನ ತುದಿಯಲ್ಲಿ ಬಂದಳು. ಕಣ್ಣು ಕೊನೆಗೆ ಬರೆದೆ. ಕಾಗದ ತಿರುಗಿಸಿ ತೋರಿಸಿದಾಗ ಅಮ್ಮ ಅದನ್ನು ಎರಡು ಕೈಯಲ್ಲೂ ಹಿಡಿದುಕೊಂಡು, "ಹೂಂ. ಇವಳೇ" ಅಂದಳು. ಅಪ್ಪ ಬಾಗಿಲ ಹತ್ತಿರ ಹೋಗಿ ಬೀದಿಯ ಕಡೆ ಮುಖ ಮಾಡಿ ನಿಂತ.

ಆಮೇಲೆ ಅಮ್ಮ ತಲೆ ಎತ್ತಿ ನನ್ನನ್ನು ನೋಡಿದಳು. ನನ್ನ ಹೆಸರು ಹಿಡಿದು ಕರೆದಳು. "ಯಾಕೇ, ಯಾವಾಗ ಇಷ್ಟು ಸಣ್ಣಗಾದೆ?" ಎಂದು ಕೇಳಿದಳು.

ಅಮ್ಮ ಅಪ್ಪ ಹೋಟೆಲಿಗೆ ಕಾಫಿ ಕುಡಿಯಲು ಹೋದಾಗ ನಾನು ಸಾರ್ ಹತ್ತಿರ ಹೋದೆ. ನಾನು ಚಿತ್ರ ಬರೆಯುತ್ತಿದ್ದಾಗ ಅವರು ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಕ್ಯಾಮೆರಾದಿಂದ ನಮ್ಮನ್ನು ನೋಡುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿತ್ತು. ಫಿಲಂ ಹಾಕಿರಲಿಲ್ಲ. ಏನು ನೋಡಿದಿರಿ ಎಂದು ಕೇಳಿದೆ.

"ನೀನು ಮೊದಲ ದಿನ ಕೂತಾಗ ಕ್ಯಾಮೆರಾ ಒಳಗಿನ ಗಾಜಿನ ಮೇಲೆ ನಿನ್ನ ಮುಖ ನಿಲ್ತಾನೇ ಇರ್ಲಿಲ್ಲ. ಎರಡೆರಡಾಗಿ ಕಾಣೋದು. ಲೆನ್ಸ್ ಕೆಟ್ಟಿರಬೇಕು ಅಂದ್ಕೊಂಡೆ, ಆಮೇಲೆ ಬಂದೋರೆಲ್ಲ ಸರಿಯಾಗೇ ಕಂಡ್ರು" ಎಂದು ಲೆನ್ಸಿಗೆ ಮುಚ್ಚಳ ಹಾಕಿದರು. "ಇವತ್ತು ನಿಂತಿದೆ. ಒಂದೇ."



ಮುಂದೆ ನನಗೆ ತುರುವೇಕೆರೆಯ ಹೈಸ್ಕೂಲು ಮೇಷ್ಟರೊಬ್ಬರ ಜೊತೆ ಮದುವೆಯಾಯಿತು. ಊರಿಗೆ ಬಂದಾಗಲೆಲ್ಲ ಸ್ಟುಡಿಯೋಗೆ ಹೋಗುತ್ತಿದ್ದೆ. ಅಷ್ಟು ಹೊತ್ತಿಗೆ ಕಲರ್ ಫೋಟೋ ಬಂದು ಬಣ್ಣ ತುಂಬುವ ಕೆಲಸ ಯಾರಿಗೂ ಬೇಡವಾಗಿತ್ತು. ಸಾವಿನ ಮನೆಗೆ ಹೋಗಲು ಫ್ಲ್ಯಾಶ್ ಕ್ಯಾಮೆರಾದ ಹುಡುಗರಿದ್ದರು. ಸಾರ್ ಗಿಡಗಳ ಜೊತೆ ಇದ್ದರು. ಬೇಸಗೆಯಲ್ಲಿ ಹೋದರೆ ಆ ಮಂಡಿಯ ತುಂಬ ಹೂ, ಉಸಿರು ಕಟ್ಟುವಷ್ಟು ಪರಿಮಳ. ಆ ಪರಿಮಳದ ನಡುವೆ ಅವರು ಒಬ್ಬರೇ ಕೂತಿದ್ದರೂ ಒಬ್ಬರೇ ಇದ್ದಾರೆ ಅನ್ನಿಸುತ್ತಿರಲಿಲ್ಲ. ನಾನು ಒಳಗೆ ಹೋಗುವ ಮೊದಲು ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತಿದ್ದೆ, ನಡೆಯುತ್ತಿದ್ದ ಮಾತಿಗೆ ಅಡ್ಡಿಯಾಗುತ್ತೇನೋ ಎಂಬಂತೆ.

ಎಂಬತ್ತರ ದಶಕದ ನಡುವೆ ಒಂದು ಬೇಸಗೆ ಬೆಳಿಗ್ಗೆ ಅವರು ಗಿಡಗಳಿಗೆ ನೀರು ಹಾಕಿ, ಆ ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನಾನು ತಲುಪಿದಾಗ ಚಿಕ್ಕನಾಯಕನಹಳ್ಳಿಯಿಂದ ಅವರ ಅಕ್ಕ ಬಂದಿದ್ದರು. ಬೇರೆ ಬಂಧುಗಳಿರಲಿಲ್ಲ. ಹೊಸ ಸ್ಟುಡಿಯೋದ ಹುಡುಗ ಕ್ಯಾಮೆರಾ ಹಿಡಿದುಕೊಂಡು ಬಾಗಿಲಲ್ಲಿ ಕಾಯುತ್ತಿದ್ದ. "ಇವನದೊಂದು ಬ್ಯಾಡ್ವೇನಮ್ಮ?" ಎಂದು ಅಕ್ಕ ನನ್ನನ್ನು ಕೇಳಿದರು. "ನಂದು ಯಾರೂ ತೆಗೀಬೇಡಿ" ಎಂದು ಅವರು ನನಗೆ ಒಂದಲ್ಲ ಎರಡು ಸಲ ಹೇಳಿದ್ದರು. ಅದನ್ನೇ ಹೇಳಿದೆ. ಹುಡುಗ ಹೊರಟುಹೋದ. ಅಷ್ಟು ಮುಖಗಳನ್ನು ಉಳಿಸಿಕೊಟ್ಟ ಮನುಷ್ಯನ ಮುಖ ಈಗ ಎಲ್ಲೂ ಇಲ್ಲ. ನನಗೂ ಅದು ಆಗಾಗ ಮಸುಕಾಗುತ್ತದೆ. ಇದನ್ನು ಬರೆಯಲು ಕೂತದ್ದು ಅದಕ್ಕೇ.

ಗಿಡಗಳನ್ನು ಏನು ಮಾಡುವುದೆಂದು ಯಾರಿಗೂ ತಿಳಿದಿರಲಿಲ್ಲ. ಕೆರೆಗೆ ಹಾಕಿಬಿಡಿ ಎಂದರು ಪಕ್ಕದ ಅಂಗಡಿಯವರು. ಆದರೆ ಮೂರನೇ ದಿನ ಕಿಬ್ಬನಹಳ್ಳಿಯಿಂದ ಆ ರೈತ ಬಂದು, "ನಮ್ಮಪ್ಪನ್ನ ಕೊಡ್ರವ್ವ" ಎಂದು ಕೇಳಿದ. ಅವನ ಹಿಂದೆ ದಬ್ಬೇಘಟ್ಟದವರು ಬಂದರು. ಆಮೇಲೆ ಬಸ್ಸಿನಿಂದ ಬಸ್ಸಿಗೆ ಒಬ್ಬೊಬ್ಬರೇ. ಬದನಿಕೆ ಅಂದರೆ ಬಾಗಿಲೊಳಗೆ ಬಿಡದ ಜನ ಮಡಿಲಲ್ಲಿಟ್ಟುಕೊಂಡು, ಸೆರಗು ಮುಚ್ಚಿಕೊಂಡು ಒಯ್ದರು. ಯಾವುದು ಯಾರದೆಂದು ನನಗೆ ಗೊತ್ತಿತ್ತು, ಇಳಿಸಿ ಇಳಿಸಿ ಕೊಟ್ಟೆ. ನಮ್ಮದನ್ನು ಅಪ್ಪ ತೆಗೆದುಕೊಂಡು ಹೋದ.

ಸಂಜೆಯ ಹೊತ್ತಿಗೆ ಒಂದು ಉಳಿಯಿತು. ಮೂಲೆಯದು, ಎಲ್ಲಕ್ಕಿಂತ ಹಳೆಯದು. ಅದು ಯಾವ ಊರಿನದೆಂದು ಅವರು ನನಗೆ ಹೇಳಿರಲಿಲ್ಲ, ಅದಕ್ಕೆ ಹೆಸರಿಟ್ಟು ಕರೆದದ್ದನ್ನೂ ನಾನು ಕೇಳಿರಲಿಲ್ಲ. ಯಾರೂ ಬರಲಿಲ್ಲ. ಇದು ಯಾರದೆಂದು ಅಕ್ಕನನ್ನು ಕೇಳಿದೆ. ಅವರು ಅದನ್ನು ನೋಡಿ ಮುಖ ತಿರುಗಿಸಿದರು. "ಅಂಗಡಿ ಇಡೋಕೆ ಮುಂಚಿಂದಾನೂ ಅವನ ಹತ್ರ ಇತ್ತು. ನೀನೇ ತಗೊಂಡೋಗು ತಾಯಿ" ಅಂದರು. ಇನ್ನು ಕೇಳಬಾರದೆಂದು ಗೊತ್ತಾಯಿತು.

ಅದು ತುರುವೇಕೆರೆಯಲ್ಲಿ ನಮ್ಮ ಮನೆಯ ಒಳ ಕಿಟಕಿಯ ಹತ್ತಿರ, ನಾನು ಹೊಲಿಗೆ ಹಾಕಲು ಕೂರುವ ಜಾಗದಲ್ಲಿ ತೂಗುತ್ತಿದೆ. ಬೆಳಕು, ಗಾಳಿ, ನೆನೆಸಿದ ಮಟ್ಟೆ, ಎಲ್ಲ ಅವರು ಹೇಳಿಕೊಟ್ಟಂತೆ ಮಾಡಿದ್ದೇನೆ. ಇಷ್ಟು ವರ್ಷವಾದರೂ ಹೂ ಬಿಟ್ಟಿಲ್ಲ. ಒಣಗಿಯೂ ಇಲ್ಲ. ಈ ಗಿಡದ ಬೇರಿಗೆ ಒಂದು ಗುಣವಿದೆ. ಒಣಗಿದಾಗ ಸುಣ್ಣದ ಹಾಗೆ ಬಿಳಿ, ನೀರು ಬಿದ್ದ ಕೂಡಲೇ ಹಸಿರು. ದಿನಾ ಬೆಳಿಗ್ಗೆ ಎದ್ದು ಮೊದಲು ಅದಕ್ಕೆ ನೀರು ಹಾಕುತ್ತೇನೆ. ಕೆಲವು ದಿನ, ಮನೆಯಲ್ಲಿ ಇನ್ನೂ ಯಾರೂ ಎದ್ದಿರದ ಹೊತ್ತಿನಲ್ಲಿ, ತಂಬಿಗೆ ಹಿಡಿದು ಹೋದರೆ ಬೇರು ಆಗಲೇ ಹಸಿರಾಗಿರುತ್ತದೆ. ತುದಿಯಲ್ಲಿ ಒಂದು ಹನಿ ನಿಂತಿರುತ್ತದೆ.

ಅಂಥ ದಿನ ನಾನು ನೀರು ಹಾಕುವುದಿಲ್ಲ. ಹೆಚ್ಚಾದರೆ ಬೇರು ಕೊಳೆಯುತ್ತದೆ.